ಕೂಡಿಕೊಂಡ ಮೂಳೆ

ಅಪ್ಪಾ,

ನೀನು ಹೋಗಿ ಮೂರು ವರ್ಷ ತುಂಬಿತಲ್ಲ, ನಮ್ಮ ಪದ್ಧತಿಯಂತೆ ಇವತ್ತು ನಿನ್ನನ್ನು ಮಣ್ಣಿನಿಂದ ಮೇಲೆತ್ತಿದೆವು. ಮೂಳೆಗಳಿಗೆ ಬಿಸಿಲು ತಾಗಬಾರದು. ಹೊತ್ತು ಮೂಡುವ ಮೊದಲೇ ಒಂದೊಂದಾಗಿ ಚಕ್ರಮೊಗ್ಗಿನ ನೀರಿನಲ್ಲಿ ತೊಳೆದು ಗಡಿಗೆಗೆ ಇಳಿಸಬೇಕು. ಮೊಗ್ಗು ನಮ್ಮದೇ, ನೀನು ಬಿದ್ದ ಮರದ್ದು.

ಬಲಗಾಲಿನ ಮೂಳೆಯ ನಡುವೆ ಒಂದು ಗಂಟು ಕೈಗೆ ಸಿಕ್ಕಿತು.

"ಇದೇನು ದೊಡ್ಡಪ್ಪ?"

"ಮುರಿದದ್ದು ಕೂಡ್ಕೊಂಡಿದೆ ಕಣೆ. ಎರಡು ತಿಂಗಳು ಮಲಗಿದ್ದನಲ್ಲ..." ಎಂದವರು ನಾಲಿಗೆ ಕಚ್ಚಿಕೊಂಡರು.

ಅಪ್ಪ ಮರದಿಂದ ಬಿದ್ದವನು ಅಲ್ಲೇ ಹೋದ ಎಂದು ನನಗೆ ಫೋನಿನಲ್ಲಿ ಹೇಳಿದ್ದವನು ತಮ್ಮ ಪಾವ್. ಅವನತ್ತ ತಿರುಗಿದೆ.

"ಅಪ್ಪನೇ ಆಣೆ ಮಾಡಿಸ್ಕೊಂಡಿದ್ದ ಅಕ್ಕಾ. ಗೊತ್ತಾದ್ರೆ ಓಡಿ ಬರ್ತಾಳೆ, ಗಡೀಲಿ ಸಿಕ್ಕಿಬೀಳ್ತಾಳೆ ಅಂತ."

ಆ ಎರಡು ತಿಂಗಳೂ, ಕಳ್ಳದಾರಿಯಲ್ಲಿ ಗಡಿ ದಾಟಿ ಕೂಲಿಗೆ ಹೋಗಿದ್ದ ಚೀನಾದ ಕಬ್ಬಿನ ಗದ್ದೆಯಿಂದ ನಾನು ಪ್ರತಿ ಭಾನುವಾರ ಫೋನ್ ಮಾಡಿದ್ದೆ. ನೀನು, "ಮರದ ಮೇಲಿದ್ದೀನಿ ಮಗಾ, ಬೇಗ ಹೇಳು," ಅನ್ನುತ್ತಿದ್ದೆ. ನನಗೂ ಅಷ್ಟೇ ಬೇಕಿತ್ತು. ಎರಡು ಮಾತಾಡಿ ನಾನೇ ಇಟ್ಟುಬಿಡುತ್ತಿದ್ದೆ.

ಆ ಗಂಟನ್ನು ತೊಳೆಯುತ್ತಲೇ ಕೂತೆ. ಗುಡ್ಡದ ನೆತ್ತಿ ಕೆಂಪಾಯಿತು. ದೊಡ್ಡಪ್ಪ ಕೈ ಚಾಚಿದರು.

"ಬಿಸಿಲು ಬಂತು, ಬೇಗ ಕೊಡೇ!"

ಕೊಡಲು ಕೈ ಬರಲಿಲ್ಲ.

ನಿನಗೆ ಬಿಸಿಲು ತಾಗಿತು ಅಪ್ಪಾ.