ಅಕ್ಕಾರು ಮಾತಾಡಂಗಿಲ್ರಿ

ಅಪ್ಪಾ,

ನೀನು ತೀರಿಕೊಂಡ ಮೇಲೆ ಸೇರಿದ ಪುಸ್ತಕ ಕಂಪನಿಯ ಕೆಲಸಕ್ಕೆ ಹುಬ್ಬಳ್ಳಿಗೆ ಬಂದಿದ್ದೇನೆ. ರೂಮು ಬುಕ್ಕಾಗಿದ್ದು ನನ್ನ ಹೆಸರಿನಲ್ಲಿ. ಹೋಟೆಲಿನ ಮ್ಯಾನೇಜರು ಎಲ್ಲವನ್ನೂ ಕೇಳಿದ್ದು ಮಾತ್ರ ನಮ್ಮ ಡ್ರೈವರ್ ಚೌಡೇಶನನ್ನು. ಅವನೂ ನಗುತ್ತಾ, “ಅಕ್ಕಾರು ಭಾಳ ಮಾತಾಡಂಗಿಲ್ರಿ, ನನಗೇ ಕೇಳ್ರಿ” ಅಂದ.

ಥೇಟ್ ನಿನ್ನ ಮಾತು. ನಮ್ಮೂರು ವಾಡಿಯ ಶಾಲೆಯ ಹೆಡ್‌ಮಾಸ್ತರರ ಮುಂದೆ, ಗಂಡಿನ ಕಡೆಯವರ ಮುಂದೆ, ನಾನು ಬಾಯಿ ತೆರೆಯುವ ಮೊದಲೇ ನೀನೇ ಹೇಳಿ ಮುಗಿಸುತ್ತಿದ್ದೆ.

“ರೂಮು ನಂದದ. ನನಗ ಕೇಳ್ರಿ!” ಎಂದು ಕೂಗಿಬಿಟ್ಟೆ. ಚೌಡೇಶನ ಮುಖ ಬಾಡಿತು. ಸಿಟ್ಟು ಅವನ ಮೇಲಲ್ಲ, ನಿನ್ನ ಮೇಲೆ.

ಲಕ್ವ ಹೊಡೆದು ನಿನ್ನ ಮಾತು ನಿಂತ ದಿನ ಡಾಕ್ಟರು, “ಯಾವಾಗಿಂದ ಹಿಂಗಾಗ್ಯದಮ್ಮಾ?” ಎಂದು ಮೂರು ಸಲ ಕೇಳಿದರು. ನೀನು ನನ್ನನ್ನೇ ನೋಡುತ್ತಿದ್ದೆ. ನಾನು, ಅವ್ವ ಬಂದು ಹೇಳಲಿ ಎಂದು, ಬಾಗಿಲ ಕಡೆ ನೋಡುತ್ತಿದ್ದೆ.