ಕಲ್ಲು ಹೊತ್ತವರ ಹೆಸರು

ಫೆಬ್ರವರಿ ೧೧, ಮಂಗಳವಾರ. ಒಡಿಶಾದ ಬಲಾಂಗೀರ್‌ನ ಲಾಡ್ಜು.

ಆ ಮುದುಕಿಗೆ ಯಾಕೆ ಸುಳ್ಳು ಹೇಳಿದೆ?

ದಾರಿಯಲ್ಲಿ ಬಸ್ಸು ಕೆಟ್ಟಿತು. ರಿಪೇರಿ ಆಗುವವರೆಗೆ ಹೊಲದ ನಡುವಿನ ಹಳೇ ಶಿವನ ಗುಡಿ ನೋಡಲು ಹೋದೆವು. ಅಂಗಳ ಗುಡಿಸುತ್ತಿದ್ದ ಮುದುಕಿಯನ್ನು ಎಲ್ಲರೂ ಕುಂತಳಾ ಮೌಸಿ, ಅಂದರೆ ಚಿಕ್ಕಮ್ಮ, ಅನ್ನುತ್ತಿದ್ದರು. ಅವಳಿಗೆ ಬಸ್ಸಿನ ಜೊತೆಯವರು ಯಾರೋ, "ಇವರು ಕಟಕ್ ಕಾಲೇಜಿನ ಇತಿಹಾಸದ ಮೇಡಂ" ಅಂದುಬಿಟ್ಟರು. ಅವಳು ನನ್ನನ್ನು ಅಂಗಳದ ಶಾಸನದ ಮುಂದೆ ನಿಲ್ಲಿಸಿದಳು.

"ಓದು ತಾಯಿ. ಈ ಗುಡಿಗೆ ಕಲ್ಲು ಹೊತ್ತೋರು ನಮ್ಮೋರೇ ಅಂತಿದ್ದ ನಮ್ಮಪ್ಪ. ಊರೆಲ್ಲ ನಗ್ತಿತ್ತು. ನಮ್ಮನ್ನ ಇವತ್ತಿಗೂ ಹೊಸ್ತಿಲು ದಾಟಕ್ಕೆ ಬಿಡಲ್ಲ. ನಮ್ಮ ಹೆಸರು ಬರ್ದಿದ್ಯಾ?"

ಆ ಲಿಪಿಯ ಒಂದಕ್ಷರವೂ ನನಗೆ ಬಾರದು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಬರುವುದಿಲ್ಲ ಅನ್ನಲಾಗದೆ, "ಹೂಂ, ಬರೆದಿದೆ" ಅಂದೆ.

ಅವಳು ಕಲ್ಲಿಗೆ ಕೆನ್ನೆಯಿಟ್ಟು ಅತ್ತಳು. ಆಮೇಲೆ ಸೆರಗು ಸಿಕ್ಕಿಸಿ, "ನಾಳೆ ಪೂಜಾರಿನ್ನೇ ಕೇಳ್ತೀನಿ, ನನ್ನ ಹೇಗೆ ತಡೀತಾನೋ ನೋಡ್ತೀನಿ" ಅಂದಳು.

ಆಗಲಾದರೂ ನಿಜ ಹೇಳಬೇಕಿತ್ತು. ಬಸ್ಸಿನ ಹಾರನ್ ಕೇಳಿ ಜೀವ ಬಂದಂತಾಗಿ ಓಡಿದೆ. ಅವಳು ಏದುಸಿರು ಬಿಡುತ್ತಾ ಕಿಟಕಿಯವರೆಗೂ ಬಂದಳು.

"ತಾಯಿ, ನಿನ್ನ ಹೆಸರು? ಯಾರು ಓದಿದ್ದು ಅಂತ ಕೇಳ್ತಾರೆ."

ಅದನ್ನೂ ಸುಳ್ಳೇ ಹೇಳಿದೆ.