ಅಮ್ಮ ಕೊಟ್ಟ ಐಸ್

ಯಾದೀರಾ,

ಒಲೆ ಮೇಲೆ ಮಂಗು ಇದೆ. ಬೇಯಿಸಿ ಕಿವುಚಿದ ಬಾಳೆಕಾಯಿ ಆರಿದರೆ ಗಟ್ಟಿಯಾಗುತ್ತೆ, ಎದ್ದ ತಕ್ಷಣ ತಿನ್ನು. ನಿನ್ನ ಸೈಕಲ್ಲು ನೀನೇ ತೊಳ್ಕೋ.

ನಿನ್ನೆ ಸ್ಪರ್ಧೆಯಲ್ಲಿ ಈಜು, ಸೈಕಲ್ಲು ಮುಗಿಸಿ ಸಮಾನಾ ಊರಿನ ಆ ಏರಿನಲ್ಲಿ ಓಡುವಾಗ ಅಮ್ಮ "ಬಿಸಿಲಿಗೆ ಸುಟ್ಟುಹೋಗ್ತಿದ್ದೀಯಲ್ಲೇ, ತಗೊಳ್ಳೇ" ಅಂತ ನನ್ನ ಕೈಗೆ ಐಸ್ ತುರುಕಿದಳು. ನೋಡೋಕೆ ಬಂದವರ ಕೈಯಿಂದ ಏನೂ ತಗೋಬಾರದು ಅನ್ನೋ ನಿಯಮ ಅವಳಿಗೇನು ಗೊತ್ತು? ಹಿಂದೆ ಬರ್ತಿದ್ದ ನೀನು ಹೋಗಿ ತೀರ್ಪುಗಾರರ ಕಿವಿಗೆ ಹಾಕಿದೆ. ನನ್ನನ್ನು ಸ್ಪರ್ಧೆಯಿಂದಲೇ ತೆಗೆದುಹಾಕಿದರು, ನನ್ನ ಪದಕ ನಿನ್ನ ಕೊರಳಿಗೆ ಬಿತ್ತು.

ಅಮ್ಮನ ಹತ್ತಿರ ಮಾತ್ರ ಬಾಯಿಬಿಡಬೇಡ. ಸುಸ್ತಾಗಿ ನಾನೇ ಬಿಟ್ಟೆ ಅಂತ ಹೇಳಿದ್ದೀನಿ; ಐಸಿನ ವಿಷಯ ತಿಳಿದರೆ ಕೊರಗಿ ಸಾಯ್ತಾಳೆ.

ನಿನ್ನ ಮಂಡಿ ಊದಿಕೊಂಡಿದೆ. ಫ್ರಿಜ್ಜಿನಲ್ಲಿ ಐಸ್ ಇದೆ, ಇಟ್ಕೋ. ನಾನು ಯಾರಿಗೂ ಹೇಳಲ್ಲ.

ನಿನ್ನ ಅಕ್ಕ